ಬಂದರಿನ ಬಾಗಿಲು ದಾಟುವಾಗ

ಸಿಂಧನೂರಿನಲ್ಲಿ ಕೂತುಕೊಂಡು ಈಕೆ ಕಡಲಿನ ಮಾತಾಡುತ್ತಾಳಲ್ಲ ಎಂದು ನಗಬೇಡಿ, ಸೋದರಿಯರೇ. ನಮಗೆ ನೀರೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಬಂದರೆ ಭತ್ತ, ಬಾರದಿದ್ದರೆ ಚಿಂತೆ. ಅತ್ತ ಮಸ್ಕಿಗೆ ಹೋದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನದ ಬಂಡೆ, ಲಿಂಗಸುಗೂರಿನ ಕಡೆ ಹೋದರೆ ಹಟ್ಟಿಯ ಚಿನ್ನದ ಗಣಿ. ಎಲ್ಲಾ ಕಲ್ಲು, ಎಲ್ಲಾ ಬಿಸಿಲು.

ಆದರೆ ನನ್ನ ತವರು ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿದೆ, ಜಲದುರ್ಗದ ಕಡೆಗೆ. ಅಲ್ಲಿ ಹೊಳೆ ಕವಲೊಡೆದು ನಡುಗಡ್ಡೆಗಳಾಗಿವೆ. 2019ರ ಆಗಸ್ಟಿನಲ್ಲಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ, ಗಡ್ಡೆಯ ಜನ ಹೊರಗೆ ಬರಲಾರದೆ ಪರದಾಡಿದ್ದನ್ನು ನೀವೂ ಕೇಳಿರಬೇಕು. ನಾನು ಸಣ್ಣವಳಿದ್ದಾಗ ಹೊಳೆ ದಾಟಲು ಹರಿಗೋಲೇ ಗತಿ. ಒಮ್ಮೆ ಮದುವೆ ಮುಗಿಸಿ ಬರುವಾಗ ಹೊಳೆಯ ನಡುವೆ ಸೆಳವು ಜೋರಾಯಿತು. ಅಂಬಿಗ "ಯಾರೂ ಏಳಬ್ಯಾಡ್ರಿ, ಕುಂದ್ರ್ರಿ" ಎಂದು ಕೂಗುತ್ತಲೇ ಇದ್ದ. ಗಂಟು ನೆನೆಯುತ್ತದೆಂದು ಇಬ್ಬರು ಎದ್ದು ನಿಂತರು. ಹರಿಗೋಲು ಒಂದು ಕಡೆ ವಾಲಿತು. ಉಳಿದವರೆಲ್ಲ ದಂಡೆ ಸೇರಿದೆವು, ನಮ್ಮ ಚಿಕ್ಕವ್ವ ಸೇರಲಿಲ್ಲ. ಆಗ ನನಗೆ 11 ವರ್ಷ. ಅಂದಿನಿಂದ ನಾನು ದೋಣಿಗೆ ಕಾಲಿಟ್ಟಿರಲಿಲ್ಲ.

ಇಂಥವಳು ಮಲ್ಪೆಯಲ್ಲಿ ಮೋಟಾರು ದೋಣಿ ಹತ್ತಿದ್ದು ಮಗನ ಹಟಕ್ಕೆ. ಮೇ ತಿಂಗಳ ಮೊದಲ ವಾರ, ಶಾಲೆಗೆ ರಜೆ. ಉಡುಪಿಯಲ್ಲಿ ಕೃಷ್ಣನ ದರ್ಶನ ಮುಗಿಸಿ, 6 ಕಿಲೋಮೀಟರು ದೂರದ ಮಲ್ಪೆಗೆ ಹೋದೆವು. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುತ್ತದೆ. "ನೀವು ಹೋಗಿ ಬರ್ರಿ, ನಾ ಇಲ್ಲೇ ಮರಳಾಗ ಕುಂತಿರ್ತೀನಿ" ಎಂದೆ. ಮಗ ಕೈ ಬಿಡಲಿಲ್ಲ. ಕೇಸರಿ ಬಣ್ಣದ ಜೀವರಕ್ಷಕ ಅಂಗಿಯನ್ನು ಸೀರೆಯ ಮೇಲೆ ಕಟ್ಟಿಕೊಂಡು, ಮನೆದೇವರನ್ನು ನೆನೆದು ಹತ್ತಿದೆ.

ಹೋಗುವಾಗ ಬೆಳಗಿನ ಕಡಲು ಹಾಲಿನ ಹಾಗೆ ಇತ್ತು. ದ್ವೀಪದಲ್ಲಿ ಆರು ಮೂಲೆಯ ಕಲ್ಲಿನ ಕಂಬಗಳು, ಯಾರೋ ಕಡೆದು ಜೋಡಿಸಿಟ್ಟಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಹೀಗೆ ಸೀಳಿತಂತೆ. ಎಷ್ಟು ಚೆಂದವಿದ್ದರೂ ನನ್ನ ಜೀವವೆಲ್ಲ ವಾಪಸು ಹೋಗುವ ದಾರಿಯ ಮೇಲೇ ಇತ್ತು.

ಮಧ್ಯಾಹ್ನ ಪಡುವಣ ಗಾಳಿ ಎದ್ದಿತು. ದೋಣಿ ನಡೆಸುವವರು ನಡುವಯಸ್ಸಿನವರು, ಹುಟ್ಟು ಮೀನುಗಾರರು. ನನ್ನ ಮುಖ ನೋಡಿ ಅವರೇ ಮಾತಿಗೆಳೆದರು. "ನಡುಗಡಲಿಗೆ ಹೆದರಬೇಡಿ ಅಮ್ಮ. ಕಷ್ಟ ಇರುವುದು ಅಳಿವೆ ಬಾಗಿಲಿನಲ್ಲಿ" ಎಂದರು. ಹೊಳೆ ಕಡಲಿಗೆ ಸೇರುವ ಬಾಯಿಗೆ ಅಲ್ಲಿನವರು ಅಳಿವೆ ಎನ್ನುತ್ತಾರೆ. ಅಲ್ಲಿ ಮರಳು ಕೂತು ಆಳ ಕಡಿಮೆಯಾಗುತ್ತದೆ. ಆಳ ಕಡಿಮೆಯಾದಂತೆ ತೆರೆ ಎತ್ತರವಾಗಿ ನಿಲ್ಲುತ್ತದೆ, ಆಮೇಲೆ ಒಡೆಯುತ್ತದೆ. ಅದೇ ಹೊತ್ತಿಗೆ ಇಳಿತದ ನೀರು ಹೊಳೆಯಿಂದ ಹೊರಗೆ ನುಗ್ಗುತ್ತಿದ್ದರಂತೂ ಎದುರುಬದುರಾಗಿ ತೆರೆಗಳು ಇನ್ನೂ ಕಡಿದಾಗುತ್ತವೆ. ಸಣ್ಣ ಪಾತ್ರೆಯಲ್ಲಿ ಹಾಲು ಉಕ್ಕುವುದನ್ನು ನೋಡಿದ ನಮಗೆ ಇದು ತಿಳಿಯದ ಮಾತೇನಲ್ಲ.

ಹೊರಗೆ ಹೋಗುವಾಗ ತೆರೆ ಎದುರಿಗಿರುತ್ತದೆ, ಕಣ್ಣಿಗೆ ಕಾಣುತ್ತದೆ. ಮೂತಿಯನ್ನು ತೆರೆಗೆ ಕೊಟ್ಟು, ನೆತ್ತಿಗೆ ಬಂದಾಗ ಎಂಜಿನ್ನಿನ ವೇಗ ಇಳಿಸಿದರಾಯಿತು. ಒಳಗೆ ಬರುವಾಗ ತೆರೆ ಬೆನ್ನ ಹಿಂದಿನಿಂದ ಬರುತ್ತದೆ. ಅದು ಹಿಂಭಾಗವನ್ನು ಎತ್ತಿ, ಮೂತಿಯನ್ನು ನೀರಿಗೆ ಒತ್ತಿ, ದೋಣಿಯನ್ನು ಅಡ್ಡ ತಿರುಗಿಸಿಬಿಟ್ಟರೆ ಮುಂದಿನ ತೆರೆ ಮಗುಚುತ್ತದೆ. ಅಲ್ಲಿ ಭಯಬಿದ್ದು ಎಂಜಿನ್ ನಿಲ್ಲಿಸಿದರೆ ಚುಕ್ಕಾಣಿಯ ಮಾತನ್ನು ದೋಣಿ ಕೇಳುವುದಿಲ್ಲ.

ಬಂದರಿನ ಕಲ್ಲುಗೋಡೆ ಕಾಣುತ್ತಲೇ ಅವರು ದೋಣಿಯನ್ನು ನಿಧಾನ ಮಾಡಿ ಹೊರಗೇ ಕಾದರು. "ಯಾಕ್ರೀ ನಿಂತ್ರಿ?" ಎಂದು ಒಬ್ಬರು ಸಿಡುಕಿದರು. ಅವರು ಉತ್ತರ ಕೊಡಲಿಲ್ಲ, ಹಿಂದೆ ತಿರುಗಿ ತೆರೆ ಎಣಿಸುತ್ತಿದ್ದರು. ದೊಡ್ಡ ತೆರೆಗಳು ಒಂದು ಗುಂಪಾಗಿ ಬಂದು ಹೋದವು. ನಡುವೆ ಸ್ವಲ್ಪ ಬಿಡುವು. ಆಗ ಒಂದು ತೆರೆಯನ್ನು ಮುಂದಕ್ಕೆ ಬಿಟ್ಟು, ಅದರ ಬೆನ್ನ ಮೇಲೇ ದೋಣಿಯನ್ನು ಕೂರಿಸಿದರು. ಅದನ್ನು ದಾಟಿ ಮುಂದೆ ಇಳಿಯಲಿಲ್ಲ, ಹಿಂದಿನದಕ್ಕೆ ಸಿಕ್ಕುವಷ್ಟು ಹಿಂದೆಯೂ ಬೀಳಲಿಲ್ಲ.

ಸರಿಯಾಗಿ ಆ ಹೊತ್ತಿಗೆ ನನ್ನ ಮಗ ಮೊಬೈಲು ಹಿಡಿದು ಎದ್ದು ನಿಂತ! ಹಿಂದಿನ ತೆರೆಯ ಚಿತ್ರ ಬೇಕಂತೆ. ಅವನನ್ನು ನೋಡಿ ಇನ್ನಿಬ್ಬರು ಆ ಕಡೆಗೇ ವಾಲಿದರು. ನನ್ನ ಕಣ್ಣಿಗೆ ಕೃಷ್ಣೆ ಕಂಡಳು. "ಕುಂದ್ರು!" ಎಂದು ಚೀರಿ, ಅಂಗಿ ಹಿಡಿದು ಎಳೆದು ಕಾಲ ಬಳಿ ಕೂರಿಸಿದೆ. "ಎಲ್ಲಾರೂ ಕುಂದ್ರ್ರಿ, ನಡುವಿಗೆ ಬರ್ರಿ" ಎಂದೆ. ಆ ದನಿ ನನ್ನದೇ ಎಂದು ನನಗೇ ಅನಿಸಲಿಲ್ಲ. ಎಲ್ಲರೂ ಕೂತರು. ದೋಣಿ ಒಂದು ಸಲ ಓಲಾಡಿ ನೇರವಾಯಿತು. ಕಲ್ಲುಗೋಡೆ ಪಕ್ಕಕ್ಕೆ ಸರಿಯಿತು, ನೀರು ಕೆರೆಯಂತೆ ಸುಮ್ಮನಾಯಿತು.

ಇಳಿಯುವಾಗ ದೋಣಿಯವರು, "ನೀವು ನಮ್ಮ ಕಡೆಯವರೇ ಮಾರಾಯ್ರೆ" ಎಂದರು. ನಾನು ಮಗನ ಕೈ ಹಿಡಿದು ಮರಳಿನ ಮೇಲೆ ಕೂತು ಮನಸ್ಸು ತುಂಬಿ ಅತ್ತೆ. ನಮ್ಮ ಯಜಮಾನರು ಹೆದರಿಕೆ ಎಂದುಕೊಂಡರು. ಅದು ಹೆದರಿಕೆಯಾಗಿರಲಿಲ್ಲ. ಚಿಕ್ಕವ್ವನಿಗೆ ಹೇಳಲಾಗದ ಮಾತನ್ನು ಇಷ್ಟು ವರ್ಷದ ಮೇಲೆ ಯಾರಿಗೋ ಹೇಳಿದ್ದೆನಲ್ಲ, ಅದಕ್ಕೆ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಂದಿರಿಗೆ ನಾಲ್ಕು ಮಾತು. ಬೆಳಗಿನ ದೋಣಿಗೇ ಹೋಗಿ, ಗಾಳಿ ಏಳುವ ಮೊದಲು ಬನ್ನಿ. ಜೀವರಕ್ಷಕ ಅಂಗಿಯನ್ನು ತೊಡೆಯ ಮೇಲಿಟ್ಟುಕೊಳ್ಳದೆ ಮೈಗೆ ಬಿಗಿಯಾಗಿ ಕಟ್ಟಿಕೊಳ್ಳಿ. ಜನ ತುಂಬಿದ ದೋಣಿಯಾದರೆ ಇನ್ನೊಂದಕ್ಕೆ ಕಾಯಿರಿ. 2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಆಗ ಒತ್ತಾಯ ಮಾಡಬೇಡಿ. ದೋಣಿಯವರು ಕಾದರೆ ನೀವೂ ಕಾಯಿರಿ. ಹೊಟ್ಟೆ ತೊಳಸುವವರಿಗೆ ಚೀಲದಲ್ಲಿ ಒಂದು ನಿಂಬೆಹಣ್ಣು ಇರಲಿ.

ಮೊನ್ನೆ ತವರಿಗೆ ಹೋದಾಗ ಹೊಳೆದಂಡೆಗೆ ನಡೆದು ಹೋಗಿ, ನೀರಿಗೆ ಅರಿಶಿನ ಕುಂಕುಮ ಬಿಟ್ಟು ಬಂದೆ. ಎಷ್ಟೋ ವರ್ಷಗಳಿಂದ ಆ ಕಡೆ ಹೋಗಿರಲಿಲ್ಲ.