ದುಡಿಮೆಯ ಲೇಖನಿ

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳುತ್ತಾರೆ. ತೆಂಗಿನಕಾಯಿಯನ್ನು ಕೂಡ ಕಿವಿಯ ಬಳಿ ಅಲುಗಿಸದೆ ಯಾವ ಗೃಹಿಣಿಯೂ ಚೀಲಕ್ಕೆ ಹಾಕುವುದಿಲ್ಲ. ಆದರೆ ಲೇಖನಿ ಕೊಳ್ಳುವ ಸಮಯ ಬಂದಾಗ ಮನುಷ್ಯನ ಈ ವಿವೇಕವೆಲ್ಲ ಅದೆಲ್ಲಿ ಅಡಗಿಕೊಳ್ಳುವುದೋ! ಗಾಜಿನ ಪೆಟ್ಟಿಗೆಯೊಳಗೆ ಯಾವುದು ಹೆಚ್ಚು ಹೊಳೆಯುತ್ತದೆಯೋ ಅದರತ್ತ ಬೆರಳು ತೋರಿಸಿ, ಹಣ ಕೊಟ್ಟು, ಜೇಬಿಗೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಾನೆ. ದಿನವೆಲ್ಲ ತನ್ನ ಬೆರಳುಗಳ ನಡುವೆ ಇದ್ದು ತನ್ನ ಪರವಾಗಿ ಲೋಕದೊಡನೆ ಮಾತನಾಡಬೇಕಾದ ಈ ಸಂಗಾತಿಯ ಹಲ್ಲನ್ನು ಮಾತ್ರ ಆತ ನೋಡುವುದಿಲ್ಲ.

‘ಈಗ ಕೈಯಲ್ಲಿ ಬರೆಯುವವರು ಯಾರಿದ್ದಾರೆ?’ ಎಂದು ನಗುವವರುಂಟು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆ ಬಂದಂದಿನಿಂದ ಪಹಣಿಯು ಗಣಕಯಂತ್ರದ ಬಾಯಿಂದ ಹೊರಬೀಳತೊಡಗಿತು. ದೂರದ ಮಗನ ಯೋಗಕ್ಷೇಮ ಮೊಬೈಲಿನಲ್ಲಿ ತಿಳಿದುಹೋಗುತ್ತದೆ. ಆದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಮಾಡಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಯಾವ ಶಾಲೆಗೆ ಬೇಕಾದರೂ ಹೋಗಿ ನೋಡಬಹುದು. ಪಾಠಟಿಪ್ಪಣಿ, ಸಭೆಯ ನಡವಳಿ, ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯ ಬುದ್ಧಿವಾದ, ಇವೆಲ್ಲ ಇನ್ನೂ ಮೇಷ್ಟರ ಕೈಯಿಂದಲೇ ಇಳಿಯಬೇಕು. ದಿನಕ್ಕೊಂದು ರುಜು ಹಾಕಿ ಮುಗಿಸುವವರಿಗೆ ಗುಂಡುಮೊನೆಯ ಅಗ್ಗದ ಪೆನ್ನು ಸಾಕು. ಅದು ನೀರಿಗೂ ಹೆದರುವುದಿಲ್ಲ. ಆದರೆ ಅದನ್ನು ಒತ್ತಿ ಬರೆಯಬೇಕು. ಐವತ್ತು ಉತ್ತರಪತ್ರಿಕೆಗಳನ್ನು ತಿದ್ದಿದ ಮೇಲೆ ಹೆಬ್ಬೆರಳು ದೂರು ಹೇಳತೊಡಗುತ್ತದೆ. ಒತ್ತದೆಯೇ, ತನ್ನ ಭಾರದಿಂದಲೇ ಬರೆದುಕೊಂಡು ಹೋಗುವುದು ಶಾಯಿ ತುಂಬಿದ ಪೆನ್ನಿನ ಗುಣ. ದುಡಿಯುವ ಕೈಗೆ ಅದು ಸಣ್ಣ ಉಪಕಾರವಲ್ಲ.

ಬರವಣಿಗೆಯ ದುಡಿಮೆ ಈ ಸೀಮೆಗೆ ಹೊಸದೂ ಅಲ್ಲ. ಕಾಗದವು ದುಬಾರಿಯಾಗಿದ್ದ ಕಾಲದಲ್ಲಿ ಮೈಸೂರು ಸೀಮೆಯ ಲೆಕ್ಕಿಗರು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಬಟ್ಟೆ ಹೋಯಿತು, ಬಳಪ ಹೋಯಿತು. ಹೆಸರು ಮಾತ್ರ ಕಚೇರಿಯ ಕಪಾಟಿನಲ್ಲಿ ಉಳಿಯಿತು. ೧೬೮೭ರಲ್ಲಿ ಶಿರಾ ಮೊಗಲರ ಸುಬೆಯೊಂದರ ಮುಖ್ಯಪಟ್ಟಣವಾಯಿತು. ೧೭೬೧ರಲ್ಲಿ ಹೈದರಾಲಿಯ ವಶಕ್ಕೆ ಬಂದಿತು. ಅಂಥ ಆಳ್ವಿಕೆಗಳ ನೆರಳಿನಲ್ಲಿ ದಫ್ತರ, ಅರ್ಜಿ, ಶಿರಸ್ತೇದಾರ ಮೊದಲಾದ ಮಾತುಗಳು ಕನ್ನಡದ ಮನೆಗೆ ನಂಟರಾಗಿ ಬಂದು ಮನೆಯವರೇ ಆಗಿಬಿಟ್ಟವು. ಫಾರಸಿಯ ಸಿಯಾಹಿಯೂ ಹಾಗೆಯೇ ಬಂದು ಶಾಯಿಯಾಯಿತು. ೧೯೬೩ರಲ್ಲಿ ಶಾನುಭೋಗಿಕೆ ರದ್ದಾಗುವ ತನಕ ಊರಿನ ಹೊಲಗದ್ದೆಗಳ ಹಣೆಬರಹವೆಲ್ಲ ಒಬ್ಬ ಮನುಷ್ಯನ ಕೈಬರಹವನ್ನು ನಂಬಿಕೊಂಡಿತ್ತು. ಆತನ ಅಕ್ಷರ ದುಂಡಾಗಿದ್ದರೆ ಊರಿಗೆ ಕ್ಷೇಮ. ಗೀಚಾಗಿದ್ದರೆ ವಕೀಲರಿಗೆ ಕ್ಷೇಮ.

ಮೊನೆಯನ್ನು ಮಸಿಕುಡಿಕೆಗೆ ಅದ್ದಿ ಅದ್ದಿ ಬರೆಯುತ್ತಿದ್ದವರ ಕಷ್ಟವನ್ನು ನೀಗಿಸಲು ಹಲವರು ಹೆಣಗಿದರು. ಬಳಕೆಗೆ ಒದಗುವಂಥ ದಾರಿಯೊಂದಕ್ಕೆ ೧೮೮೪ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟು ಪಡೆದನು. ನಿಬ್ಬಿನ ಅಡಿಯಲ್ಲಿ ಒಂದು ನಾಲಿಗೆ. ಆ ನಾಲಿಗೆಯ ಮೇಲೆ ಕೂದಲೆಳೆಯಂಥ ತೋಡುಗಳು. ಶಾಯಿ ಇಳಿದಷ್ಟೇ ಗಾಳಿ ಒಳಕ್ಕೆ ಹೋಗುತ್ತದೆ. ಗಾಳಿ ಹೋದಷ್ಟೇ ಶಾಯಿ ಹೊರಕ್ಕೆ ಬರುತ್ತದೆ. ಮಧುಗಿರಿ, ಪಾವಗಡದ ಕಡೆಯ ಹಳೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಳಿನಡಿಯಲ್ಲಿ ಒಸರುವ ನೀರಿಗೆ ಕಾಲುವೆ ತೋಡಿ ಗದ್ದೆಗೆ ಹರಿಸುವ ತಲಪರಿಗೆಯನ್ನು ಅವರು ಬಲ್ಲರು. ಕಾಲುವೆಯಲ್ಲಿ ಹೂಳು ತುಂಬಿದರೆ ತಲಪರಿಗೆ ನಿಲ್ಲುತ್ತದೆ. ತೋಡಿನಲ್ಲಿ ಒಣಶಾಯಿ ಕಟ್ಟಿದರೆ ಪೆನ್ನು ನಿಲ್ಲುತ್ತದೆ. ವರ್ಷಕ್ಕೊಮ್ಮೆ ಊರವರು ಸೇರಿ ಹೂಳೆತ್ತುವ ಹಾಗೆ, ತಿಂಗಳಿಗೊಮ್ಮೆಯಾದರೂ ತಣ್ಣೀರಿನಲ್ಲಿ ಪೆನ್ನನ್ನು ತೊಳೆಯಬೇಕು. ಪೆನ್ನು ಕೆಟ್ಟಿತೆಂದು ಎಸೆದ ಎಷ್ಟೋ ಪೆನ್ನುಗಳು ಕೆಟ್ಟಿರುವುದಿಲ್ಲ, ಬಾಯಾರಿರುತ್ತವೆ, ಅಷ್ಟೆ.

ಕೊಳ್ಳುವವರು ಮೊದಲು ನೋಡಬೇಕಾದುದು ನಿಬ್ಬನ್ನು. ಅದು ಚಿನ್ನದ್ದೇ ಆಗಬೇಕೆಂದೇನೂ ಇಲ್ಲ; ಒಳ್ಳೆಯ ಉಕ್ಕಿನ ನಿಬ್ಬು ನಿತ್ಯದ ಕೆಲಸಕ್ಕೆ ಧಾರಾಳವಾಗಿ ಸಾಕು. ಸವೆಯಬಾರದ್ದು ತುದಿ, ಆ ತುದಿಗೆ ಬೆಸೆದಿರುವ ಗಟ್ಟಿಲೋಹದ ಕಣ ಎರಡರಲ್ಲಿಯೂ ಇರುತ್ತದೆ. ವಿಚಾರಿಸಬೇಕಾದುದು ತುದಿಯ ದಪ್ಪ. ಪಶ್ಚಿಮದವರ ಮಧ್ಯಮ ನಿಬ್ಬು ರೋಮನ್ ಅಕ್ಷರಕ್ಕೆ ಹೊಂದಿಕೊಂಡದ್ದು. ಅಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಾದರೋ ತಲೆಕಟ್ಟು ಮೇಲೆ, ಗುಣಿಸು ಬದಿಯಲ್ಲಿ, ಒತ್ತು ಅಡಿಯಲ್ಲಿ; ಒಂದೇ ಗೂಡಿನಲ್ಲಿ ಮೂರು ಸಂಸಾರ! ‘ಸ್ವಾತಂತ್ರ್ಯ’ ಎಂದು ದಪ್ಪ ನಿಬ್ಬಿನಲ್ಲಿ ಬರೆದರೆ ಕೊನೆಯ ಎರಡು ಒತ್ತುಗಳು ಒಂದನ್ನೊಂದು ತುಳಿದುಕೊಂಡು ಸ್ವಾತಂತ್ರ್ಯ ಕಳೆದುಕೊಳ್ಳುತ್ತವೆ. ಷಕಾರದ ಹೊಟ್ಟೆಯ ಸೀಳು ಮುಚ್ಚಿಕೊಂಡು ಪಕಾರವಾಗುತ್ತದೆ. ಧಕಾರದ ಅಡಿಯ ಪುಟ್ಟ ಗೀಟು ಮಸಿಯಲ್ಲಿ ಮುಳುಗಿದರೆ ಏಷ್ಯದ ದೊಡ್ಡ ಏಕಶಿಲೆಗಳಲ್ಲಿ ಒಂದೆನಿಸಿದ ಬೆಟ್ಟವನ್ನು ಹೊತ್ತ ಮಧುಗಿರಿಯೇ ತನ್ನ ಜೇನನ್ನು ಕಳೆದುಕೊಂಡು ‘ಮದುಗಿರಿ’ಯಾಗಿಬಿಡುತ್ತದೆ. ಆದ್ದರಿಂದ ಕನ್ನಡದ ದುಡಿಮೆಗೆ ಸಣ್ಣ ನಿಬ್ಬೇ ಲೇಸು. ಅದರಲ್ಲಿಯೂ ಪೈಲಟ್, ಸೈಲರ್, ಪ್ಲಾಟಿನಂ ಮೊದಲಾದ ಜಪಾನೀ ಪೆನ್ನುಗಳ ಸಣ್ಣ ನಿಬ್ಬು ಪಶ್ಚಿಮದ ಸಣ್ಣ ನಿಬ್ಬಿಗಿಂತ ಸಾಮಾನ್ಯವಾಗಿ ತೆಳುವಾದ ಗೆರೆ ಎಳೆಯುತ್ತದೆ. ಅವರ ಅಕ್ಷರಗಳೂ ಗೀಟಿಗೆ ಗೀಟು ಒತ್ತಿಕೊಂಡು ಕುಳಿತವು. ಇಕ್ಕಟ್ಟಿನ ಕಷ್ಟ ಅವರಿಗೂ ಗೊತ್ತು.

ಅಂಗಡಿಯಲ್ಲಿ ಪರೀಕ್ಷೆ ಮಾಡುವ ಕ್ರಮವೂ ವಿಚಿತ್ರ. ಕೊಳ್ಳುವವನು ವರ್ತಕನು ಕೊಟ್ಟ ನುಣುಪು ಕಾಗದದ ಮೇಲೆ ನಾಲ್ಕು ಸುರುಳಿ ಸುತ್ತಿ, ತನ್ನ ರುಜು ಹಾಕಿ, ‘ಬಹಳ ಚೆನ್ನಾಗಿದೆ’ ಎನ್ನುತ್ತಾನೆ. ನುಣುಪು ಕಾಗದದ ಮೇಲೆ ಯಾವ ಪೆನ್ನು ಜಾರುವುದಿಲ್ಲ? ತಾನು ನಿತ್ಯ ಬರೆಯುವ ಒರಟು ಕಾಗದದ ಹಾಳೆಯೊಂದನ್ನು ಮಡಿಸಿಕೊಂಡು ಹೋಗಿ, ಅದರ ಮೇಲೆ ಒತ್ತಕ್ಷರಗಳಿರುವ ನಾಲ್ಕು ಸಾಲನ್ನು ತನ್ನ ಎಂದಿನ ವೇಗದಲ್ಲಿ ಬರೆದು ನೋಡಬೇಕು. ಹೀರುವ ಕಾಗದದ ಮೇಲೆ ಶಾಯಿ ಬೇರು ಬಿಟ್ಟು ಹರಡಿದರೆ ಪೆನ್ನು ಎಷ್ಟು ಬೆಲೆಯದಾದರೇನು, ಆ ಕೆಲಸಕ್ಕೆ ಒಲ್ಲದು.

ಎರಡನೆಯದಾಗಿ ಮೈಕಟ್ಟು. ತುಮಕೂರಿನಿಂದ ಕೊರಟಗೆರೆಯ ಮಾರ್ಗವಾಗಿ ಮಧುಗಿರಿಗೆ ಬಸ್ಸಿನಲ್ಲಿ ಓಡಾಡುವ ಮೇಷ್ಟರುಗಳ ಜೇಬನ್ನು ನೋಡಿದರೆ ಅವರವರ ಪೆನ್ನಿನ ಚರಿತ್ರೆ ತಿಳಿಯುತ್ತದೆ. ಜೇಬಿನ ಅಡಿಯಲ್ಲಿ ನೀಲಿಯ ಚಂದ್ರನಿದ್ದರೆ ಮುಚ್ಚಳ ಸಡಿಲವೆಂದೇ ಅರ್ಥ. ತಿರುಪಿನ ಮುಚ್ಚಳ, ಬಿಗಿಯಾದ ಕ್ಲಿಪ್ಪು, ನಿಬ್ಬು ಮೇಲುಮುಖವಾಗಿ ನಿಲ್ಲುವ ಜಾಗ, ಇಷ್ಟಿದ್ದರೆ ಬಸ್ಸು ಎಷ್ಟು ಕುಲುಕಿದರೂ ಅಂಗಿಗೆ ಅಪಾಯವಿಲ್ಲ. ಹಿತ್ತಾಳೆಯ ಭಾರವಾದ ಪೆನ್ನು ಕೈಗೆ ಗಾಂಭೀರ್ಯ ಕೊಡುತ್ತದೆ, ನಿಜ. ಆದರೆ ಮೂರನೆಯ ಗಂಟೆಯಲ್ಲಿ ಗಾಂಭೀರ್ಯ ಹೋಗಿ ಭಾರ ಮಾತ್ರ ಉಳಿಯುತ್ತದೆ.

ಕೊರಟಗೆರೆಯ ಬಸ್ಸಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಪೆನ್ನು ಪಾವಗಡದ ಬಿಸಿಲಿನಲ್ಲಿ ಸೋಲಬಹುದು. ತಿರುಮಣಿಯ ಸುತ್ತಿನಲ್ಲಿ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವನ್ನು ನಿಲ್ಲಿಸಿದ ಬಿಸಿಲು ಅದು. ಒಂದು ಹನಿ ಶಾಯಿಯನ್ನು ಒಣಗಿಸುವುದು ಅದಕ್ಕೆಷ್ಟರದು? ಹನಿಗೊಳವೆಯಿಂದ ಶಾಯಿ ತುಂಬುವ ಹಳೆಯ ಬಗೆಯ ಪೆನ್ನು ಹೊಟ್ಟೆ ತುಂಬ ಉಣ್ಣುತ್ತದೆ, ವಾರವೆಲ್ಲ ದುಡಿಯುತ್ತದೆ. ಆದರೆ ಶಾಯಿ ಕಾಲುಭಾಗಕ್ಕೆ ಇಳಿದಾಗ ಉಳಿದ ಮುಕ್ಕಾಲು ಬರಿಯ ಗಾಳಿ. ಕೈಯ ಕಾವಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ನೂಕುತ್ತದೆ. ಟಪ್ಪನೆ ಹನಿಯೊಂದು ಹಾಳೆಯ ನಡುವೆ ಬೀಳುತ್ತದೆ. ಅಂಥ ಪೆನ್ನಿನವರು ಮೂರನೆಯ ಒಂದು ಭಾಗ ಇರುವಾಗಲೇ ಮತ್ತೆ ತುಂಬಿಕೊಳ್ಳಬೇಕು. ಇಲ್ಲವೇ ತಿರುಪಿನಿಂದ ಶಾಯಿ ಹೀರುವ ಬಗೆಯದನ್ನು ಆರಿಸಿಕೊಳ್ಳಬೇಕು. ೧೯೪೧ರಲ್ಲಿ ಬಂದ ಪಾರ್ಕರ್ ೫೧ರ ಹಾಗೆ, ಆಮೇಲೆ ಅದೇ ರೂಪಿನಲ್ಲಿ ಬಂದ ಚೀನದ ಹೀರೋ ಪೆನ್ನಿನ ಹಾಗೆ, ಮೂತಿ ಮಾತ್ರ ಹೊರಗಿಟ್ಟು ಮುಸುಕು ಹಾಕಿಕೊಂಡ ನಿಬ್ಬು ಬೇಗ ಒಣಗುವುದಿಲ್ಲ. ಬೆವರುವ ಬೆರಳಿಗೆ ಎಬೊನೈಟ್ ಎಂಬ ಗಟ್ಟಿರಬ್ಬರಿನ ಮೈ ಹಿತ. ಪಾವಗಡವನ್ನು ಬಹುಮಟ್ಟಿಗೆ ಸುತ್ತುಗಟ್ಟಿರುವ ಆಂಧ್ರದ ರಾಜಮಹೇಂದ್ರಿಯಲ್ಲಿ ೧೯೩೨ರಲ್ಲಿ ಕೆ. ವಿ. ರತ್ನಂ ಅವರು ಸ್ವದೇಶೀ ಪೆನ್ನುಗಳ ತಯಾರಿಕೆ ಆರಂಭಿಸಿದರು. ಅವರು ಕಳುಹಿಸಿದ ಪೆನ್ನಿನಲ್ಲಿ ಬರೆದು ನೋಡಿ ೧೯೩೫ರಲ್ಲಿ ಗಾಂಧೀಜಿ ಮೆಚ್ಚುಗೆಯ ಪತ್ರ ಬರೆದರು.

ಇಷ್ಟೆಲ್ಲ ನೋಡಿ ಕೊಂಡವರೂ ಶಾಯಿಯ ವಿಷಯದಲ್ಲಿ ಎಡವುತ್ತಾರೆ. ಅಂಗಡಿಯಲ್ಲಿ ಕಣ್ಣಿಗೆ ತಂಪಾಗಿ ಕಾಣುವ ತಿಳಿನೀಲಿ ಶಾಯಿ ಬಹುಮಟ್ಟಿಗೆ ತೊಳೆದರೆ ಹೋಗುವಂಥದು. ಅಂಗಿಯ ದೃಷ್ಟಿಯಿಂದ ಅದು ಗುಣ. ದಾಖಲೆಯ ದೃಷ್ಟಿಯಿಂದ ದೋಷ. ದೋಷ ಎಷ್ಟರದೆಂದು ತಿಳಿಯಬೇಕಾದರೆ ಒಂದು ಪ್ರಸಂಗವನ್ನು ಊಹಿಸಿಕೊಂಡರೆ ಸಾಕು.

೨೦೧೮ರ ಜೂನ್ ತಿಂಗಳು. ಹಳ್ಳಿಯೊಂದರ ಶಾಲೆಗೆ ಮುದುಕರೊಬ್ಬರು ಬಂದಿದ್ದಾರೆ. ೨೦೦೭ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನಕ್ಕೆ ಅರವತ್ತೈದು ತುಂಬಿರಬೇಕು. ತುಂಬಿದೆಯೆಂಬುದಕ್ಕೆ ರುಜುವಾತು ಬೇಕು. ಅವರು ಎರಡು ವರ್ಷ ಮಾತ್ರ ಓದಿದ ಶಾಲೆ ಇದು. ಮುಖ್ಯೋಪಾಧ್ಯಾಯರು ಕಪಾಟಿನ ತಳದಿಂದ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆದು ಧೂಳು ಕೊಡವುತ್ತಾರೆ. ಹೆಸರು ಸಿಕ್ಕಿತು. ಹುಟ್ಟಿದ ತಾರೀಖನ್ನು ಅಕ್ಷರದಲ್ಲಿ ಬರೆದ ಕಡೆ ಎಂದೋ ಸೋರಿದ ಮಳೆನೀರು ಬಿದ್ದು ನೀಲಿಯ ಮೋಡವೊಂದೇ ಉಳಿದಿದೆ. ಅಂಕಿಯಲ್ಲಿ ಬರೆದುದು ಉಳಿದಿದೆ; ಆದರೆ ದಪ್ಪ ನಿಬ್ಬಿನ ಬರಹ. ಕೊನೆಯ ಅಂಕಿ ೩ ಇರಬಹುದು, ಬಾಲವಿರುವ ೬ ಇರಬಹುದು.

“ತಾತ, ನೀವು ಹುಟ್ಟಿದ್ದು ಐವತ್ತಮೂರರಲ್ಲೋ, ಐವತ್ತಾರರಲ್ಲೋ?”

“ಓದ್ಕಂಡಿರೋ ನಿಮ್ಗೇ ಗೊತ್ತಾಗ್ದಿದ್ರೆ ನನ್ಗೆಂಗ್ ಗೊತ್ತಾಗ್ತೈತೆ ಸೋಮಿ? ಪುಸ್ತಕ್ದಾಗೆ ಬರ್ದೈತೆ ಅಂತ ಅಲ್ವಾ ನಾನು ಬಂದಿದ್ದು?”

೧೯೫೩ ಎಂದಾದರೆ ಮಾಸಾಶನ ಈ ವರ್ಷವೇ. ೧೯೫೬ ಎಂದಾದರೆ ೨೦೨೧ಕ್ಕೆ. ಅರವತ್ತರ ಆಚೆಗೆ ಮೂರು ವರ್ಷವೆಂದರೆ ಅಲ್ಪವೇ? ಆ ಅಂಕಿಯನ್ನು ಬರೆದ ಮೇಷ್ಟರು ಕೆಟ್ಟವರಲ್ಲ. ಕೈಗೆ ಸಿಕ್ಕಿದ ಪೆನ್ನಿನಿಂದ, ಕುಪ್ಪಿಯಲ್ಲಿದ್ದ ಶಾಯಿಯಿಂದ, ಅಂದಿನ ಕೆಲಸವನ್ನು ಅಂದು ಮುಗಿಸಿದರು. ಆ ಸಾಲನ್ನು ಮುಂದೆ ಓದಬೇಕಾದವರು ಒಬ್ಬರಿದ್ದಾರೆಂಬುದು ಮಾತ್ರ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ನಿತ್ಯದ ಪೆನ್ನನ್ನು ಬರೆಯುವವನ ಸುಖಕ್ಕಾಗಿ ಆರಿಸಿದರೆ ಸಾಲದು. ಎಂದೋ ಓದುವವನ ಕಣ್ಣಿಗಾಗಿಯೂ ಆರಿಸಬೇಕು.

ಹಿಂದಿನವರಿಗೆ ಇದು ತಿಳಿದಿತ್ತು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದರು. ಬರೆದಾಗ ಮಂಕಾಗಿ ಕಾಣುವ ಆ ಮಸಿ ಗಾಳಿಯ ಸಂಗಡ ಸೇರಿ ದಿನದಿನಕ್ಕೆ ಕಪ್ಪಾಗಿ ಕಾಗದವನ್ನು ಕಚ್ಚಿಕೊಳ್ಳುತ್ತಿತ್ತು. ಪಶ್ಚಿಮದ ಹಳೆಯ ನೀಲಿಗಪ್ಪು ಶಾಯಿಯ ಗುಟ್ಟೂ ಇದೇ, ಕಬ್ಬಿಣದ ಲವಣ ಮತ್ತು ಒಗರು. ಇಂದು ನೀಲಿಗಪ್ಪೆಂಬ ಚೀಟಿ ಅಂಟಿಸಿಕೊಂಡುದೆಲ್ಲ ಅಂಥದಲ್ಲ. ಕೆಲವು ಬರಿಯ ಬಣ್ಣದ ನೀರು. ಚೀಟಿಯನ್ನು ನಂಬುವುದಕ್ಕಿಂತ ಒಂದು ಸಾಲು ಬರೆದು, ಒಂದು ದಿನ ಒಣಗಲು ಬಿಟ್ಟು, ಮೇಲೆ ಒಂದು ಹನಿ ನೀರು ಹಾಕಿ ನೋಡುವುದು ಮೇಲು. ಅಕ್ಷರ ಉಳಿದರೆ ಆ ಕುಪ್ಪಿ ದಾಖಲೆಗೆ. ಕರಗಿದರೆ ಮಕ್ಕಳ ಅಭ್ಯಾಸಕ್ಕೆ. ಕಬ್ಬಿಣದ ಶಾಯಿ ಉಕ್ಕಿನ ನಿಬ್ಬನ್ನು ಕೊರೆಯುತ್ತದೆಯಾದ್ದರಿಂದ ಅದನ್ನು ತುಂಬಿದ ಪೆನ್ನನ್ನು ಆಗಾಗ ತೊಳೆಯಬೇಕು. ಚಿತ್ರ ಬರೆಯುವ ಅಂಟುಮಸಿಯನ್ನಂತೂ ತಪ್ಪಿಯೂ ತುಂಬಬಾರದು. ತೋಡಿನಲ್ಲಿ ಗಟ್ಟಿಯಾಗಿ ಪೆನ್ನಿನ ಉಸಿರನ್ನೇ ಕಟ್ಟಿಬಿಡುತ್ತದೆ.

ಇನ್ನೂರು ರೂಪಾಯಿಯ ಪೆನ್ನಾದರೂ ಸರಿಯೆ, ತೆಳುವಾದ ನಿಬ್ಬು, ಬಿಗಿಯಾದ ಮುಚ್ಚಳ, ನೀರಿಗೆ ಕರಗದ ಶಾಯಿ ಇದ್ದರೆ ಅದು ದುಡಿಮೆಗೆ ಒದಗುವ ಪೆನ್ನು. ಹೆರವರ ಕೈಗೆ ಕೊಟ್ಟ ಲೇಖನಿ ಹಿಂದಿರುಗದೆಂದು ಹಿರಿಯರು ಎಚ್ಚರಿಸಿದ್ದರು. ಹಿಂದಿರುಗಿದರೂ ಒತ್ತಿ ಬರೆಯುವ ಕೈಯಿಂದ ಬಂದ ನಿಬ್ಬಿನ ಕಾಲು ಅಗಲಿರುತ್ತದೆ. ಕೊಡದಿರುವುದು ಲೋಭವಲ್ಲ, ಜಾಗ್ರತೆ.

ಆ ಮುದುಕರು ಬೇರೆ ಯಾವುದಾದರೂ ಕಾಗದ ಹುಡುಕಿ ತರುವೆನೆಂದು ಕೋಲೂರಿಕೊಂಡು ಹೊರಟುಹೋದ ಮೇಲೆ, ಜಗುಲಿಯಲ್ಲಿ ಕಾಯುತ್ತಿದ್ದ ತಾಯಿಯೊಬ್ಬಳು ಆರು ವರ್ಷದ ಮಗಳ ಕೈಹಿಡಿದು ಒಳಗೆ ಬರುತ್ತಾಳೆ. ಶಾಲೆಗೆ ಸೇರಿಸಬೇಕು. ಮುಖ್ಯೋಪಾಧ್ಯಾಯರು ಹೊಸ ಪುಸ್ತಕವನ್ನು ತೆರೆದು ಮಗುವಿನ ಹೆಸರು ಕೇಳುತ್ತಾರೆ, ಹುಟ್ಟಿದ ದಿನ ಕೇಳುತ್ತಾರೆ. ಬರೆಯುವ ಮೊದಲು ಚೂರು ಕಾಗದದ ಮೇಲೆ ಪೆನ್ನನ್ನು ಒಮ್ಮೆ ಓಡಿಸಿ ನೋಡುತ್ತಾರೆ. ಆಮೇಲೆ, ಅವಸರವಿಲ್ಲದೆ, ಒಂದೊಂದೇ ಅಂಕಿಯನ್ನು ಬಿಡಿಬಿಡಿಯಾಗಿ ಬರೆಯುತ್ತಾರೆ.