ಫುಪ್ಪುವಿನ ಪಾಲು

ಬೇಸಿಗೆ ರಜೆಗೆ ಬಟವಾಡಿಯ ದಾದಾರ ಮನೆಯಲ್ಲಿ ಎಷ್ಟೋ ವರ್ಷಗಳ ಬಳಿಕ ಎಲ್ಲರೂ ಸೇರಿದೆವು. ಗುಬ್ಬಿಯಿಂದ ಫುಪ್ಪು ಬಂದರು, ಕುಣಿಗಲ್‌ನಿಂದ ಖಾಲಾ. ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಇಬ್ಬರೂ 'ಆಂಟಿ'.

ತಂದೆಯ ಸೋದರಿ ಫುಪ್ಪು, ತಾಯಿಯ ಸೋದರಿ ಖಾಲಾ. ಕನ್ನಡದಲ್ಲೂ ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ. ಈ ಭೇದ ಕರೆಯುವುದಕ್ಕಷ್ಟೇ ಅಲ್ಲ. ಆ ಮನೆಯಲ್ಲಿ ಖಾಲಾ ಅತಿಥಿ, ಫುಪ್ಪು ಪಾಲುದಾರರು. ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು ಎಂದು ಕುರ್‌ಆನ್ ನಿಗದಿ ಮಾಡಿದೆ. ಕೃಷಿಭೂಮಿ ಬಿಟ್ಟು ಉಳಿದ ಆಸ್ತಿಗೆ 1937ರ ಶರೀಅತ್ ಕಾಯಿದೆಯೂ ಅದನ್ನೇ ಅನ್ವಯಿಸುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳಿಗೆ ಸಿಗುವುದು ಈದ್‌ಗೊಂದು ಸೀರೆ, ಬೇಸಿಗೆಗೊಂದು ಬುಟ್ಟಿ ಮಾವು.

ರಾತ್ರಿ ಊಟದ ಬಳಿಕ ಈ ಮಾತೆತ್ತಿದೆ. ದಸ್ತರಖಾನ್ ಸುತ್ತ ಮೌನ. ಚಾಚಾ ನೀರು ಕುಡಿದರು. "ನನಗೇನೂ ಬೇಡ ಬೇಟಾ, ವರ್ಷಕ್ಕೊಮ್ಮೆ ಕರೆದರೆ ಸಾಕು" ಎಂದರು ಫುಪ್ಪು.

ಪಾಲು ಕೇಳಿದ ಹೆಣ್ಣಿಗೆ ತವರಿನ ಬಾಗಿಲು ಮುಚ್ಚುತ್ತದೆಂಬುದು ಅವರಿಗೆ ಗೊತ್ತು. ಬಂಧುತ್ವ ಬೆಸೆಯುವ ಸಿಲಾ ರಹಮಿ ದೊಡ್ಡ ಪುಣ್ಯವೆಂದು ಮಕ್ಕಳಿಗೆ ಕಲಿಸುತ್ತೇವೆ. ಬಿರಿಯಾನಿ ಬಡಿಸಿದ ಮಾತ್ರಕ್ಕೆ ಅದು ಪೂರ್ತಿಯಾಗುವುದಿಲ್ಲ. ಕೇಳುವ ಮೊದಲೇ ಪಾಲು ಬರೆದುಕೊಡಬೇಕು. ಆಮೇಲೂ ಫುಪ್ಪು ಬೇಡವೆಂದರೆ ಆಗ ಆ ಮಾತನ್ನು ನಂಬಬಹುದು.