ಉಪ್ಪು ತಿಂದ ಕಾರು

ಮೊನ್ನೆ ಶನಿವಾರ ಮೆಕ್ಯಾನಿಕ್ ನನ್ನ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ತುದಿ ಒತ್ತಿದ. ಸುಮ್ಮನೆ ಒತ್ತಿದ್ದು, ಅಷ್ಟೇ. ಹಪ್ಪಳಕ್ಕೆ ಬೆರಳು ಚುಚ್ಚಿದ ಹಾಗೆ ಒಳಗೆ ಹೋಯ್ತು. ಆಮೇಲೆ ನನ್ನ ಮುಖ ನೋಡಿ, "ಎಷ್ಟು ಚಳಿಗಾಲ ಓಡಿಸಿದೆ ಇದನ್ನ?" ಅಂತ ಕೇಳಿದ. ಒಂದೇ ಒಂದು ಅಂದೆ. ಅವನು ನಂಬಲಿಲ್ಲ.

ನಿಜವಾಗ್ಲೂ ಒಂದೇ ಮಾರಾಯ್ರೆ. ನನ್ನ ಕೈಗೆ ಬರೋ ಮೊದಲಿನ ಹತ್ತೊಂಬತ್ತು ವರ್ಷದ ಕಥೆ ನನಗೆ ಗೊತ್ತಿಲ್ಲ. ಆದ್ರೆ ನನ್ನ ಪಾಲಿಗೆ ಬರೋದು ಒಂದು ಚಳಿಗಾಲ. ಅದನ್ನು ಓಡಿಸಿದ್ದು ತಪ್ಪೋ ಸರಿಯೋ ಅಂತ ಎರಡು ವರ್ಷದಿಂದ ತಲೆ ಕೆಡಿಸಿಕೊಳ್ತಾ ಇದೀನಿ.

ಕಾರು ಮಾಜ್ದಾ ಮಿಯಾಟಾ, 2003ರ ಮಾಡೆಲ್. ಎರಡೇ ಸೀಟು, ಐದು ಗೇರು, ಮೇಲೆ ಮಡಚುವ ಬಟ್ಟೆಯ ಛಾವಣಿ. ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಊರಲ್ಲಿ ಎಲ್ರೂ ಫೆರಾರಿ ಅಂದುಕೊಂಡರು. ಇದು ಅದರ ಬಡ ನೆಂಟ. ತೂಕ ಒಂದು ಟನ್‌ಗಿಂತ ಸ್ವಲ್ಪವೇ ಜಾಸ್ತಿ. ಎಂಜಿನ್ ಮುಂದೆ, ತಿರುಗೋದು ಹಿಂದಿನ ಚಕ್ರ. 2022ರ ಜೂನ್‌ನಲ್ಲಿ ಆರೂವರೆ ಸಾವಿರ ಡಾಲರ್ ಕೊಟ್ಟು ತಗೊಂಡೆ. ಎಂ.ಎಸ್. ಸಾಲ ಇನ್ನೂ ತೀರಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಎಚ್-1ಬಿ ಲಾಟರಿಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ಆ ಬೇಜಾರಿಗೇ ತಗೊಂಡಿದ್ದು ಅಂತ ಈಗ ಅನ್ಸುತ್ತೆ.

ಇಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಇರೋರಿಗೆ ಉಪ್ಪಿನ ವಿಷಯ ಹೇಳಬೇಕಾಗಿಲ್ಲ. ಊರಿನ ಅಡಿಯಲ್ಲೇ, ಸುಮಾರು ಸಾವಿರದ ಇನ್ನೂರು ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ. ಹಿಮ ಬೀಳೋ ಮುನ್ಸೂಚನೆ ಬಂದರೆ ಸಾಕು, ಲಾರಿಗಳು ರಸ್ತೆ ತುಂಬಾ ಉಪ್ಪು ಎರಚಿಕೊಂಡು ಹೋಗ್ತವೆ. ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿಳಿದರೆ ಬರೀ ಉಪ್ಪು ಅಷ್ಟಾಗಿ ಕೆಲಸ ಮಾಡಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಸೇರಿಸ್ತಾರೆ. ಅವು ಗಾಳಿಯಲ್ಲಿನ ತೇವ ಎಳೆದುಕೊಂಡು ಕಬ್ಬಿಣಕ್ಕೆ ಅಂಟಿಕೊಂಡು ಕೂತುಬಿಡ್ತವೆ. ನಾನು ಗಂಗೊಳ್ಳಿ ಕಡೆಯವನು. ಕಿಟಕಿ ಸರಳು ಉಪ್ಪುಗಾಳಿಗೆ ಪುಡಿಪುಡಿಯಾಗಿ ಉದುರೋದನ್ನ ನೋಡುತ್ತಾ ಬೆಳೆದವನು. ಸಮುದ್ರದಿಂದ ಇಷ್ಟು ದೂರ ಬಂದ ಮೇಲೂ ಉಪ್ಪು ಬೆನ್ನು ಬಿಡಲಿಲ್ಲ ನೋಡಿ!

ಹಾಗಾಗಿ ಮೊದಲ ಚಳಿಗಾಲ ನಾನು ಒಳ್ಳೇ ಹುಡುಗನ ಹಾಗೆ ಕಾರನ್ನು ಒಳಗಿಟ್ಟೆ. ಪಂಪ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಪರಿಚಯ ಆದ ಮೈಸೂರಿನ ಅಕ್ಕ-ಭಾವ ಅವರ ಗ್ಯಾರೇಜಿನಲ್ಲಿ ಒಂದು ಮೂಲೆ ಕೊಟ್ಟರು. ಗಾಡಿ ತೊಳೆದು, ಒಣಗಿಸಿ, ಟ್ಯಾಂಕ್ ಪೂರ್ತಿ ತುಂಬಿಸಿ, ಪೆಟ್ರೋಲ್ ಕೆಡದ ಹಾಗೆ ಒಂದು ಬಾಟಲಿ ಔಷಧಿ ಸುರಿದೆ. ಟೈರಿಗೆ ಸ್ವಲ್ಪ ಜಾಸ್ತಿ ಗಾಳಿ. ಹ್ಯಾಂಡ್‌ಬ್ರೇಕ್ ಎಳೀಬಾರದು, ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತೆ. ಹಾಗಾಗಿ ಚಕ್ರಕ್ಕೆ ಮರದ ತುಂಡು ಕೊಟ್ಟೆ. ಇಲಿ ನುಗ್ಗದ ಹಾಗೆ ಸೈಲೆನ್ಸರ್ ಬಾಯಿಗೆ ಉಕ್ಕಿನ ನಾರು ತುರುಕಿದೆ. ಮಿಯಾಟಾದ ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿರುತ್ತೆ. ಪುಟ್ಟದು, ರೇಟು ಮಾತ್ರ ಪುಟ್ಟದಲ್ಲ. ಅದಕ್ಕೊಂದು ಚಾರ್ಜರ್ ಸಿಕ್ಕಿಸಿದೆ. ಅಕ್ಕ ಇದನ್ನೆಲ್ಲ ನೋಡಿ, "ನನ್ನ ಬಾಣಂತನಕ್ಕೂ ಇಷ್ಟು ಮಾಡಿರಲಿಲ್ಲ ಕಣೋ" ಅಂದರು.

ಫೋನಲ್ಲಿ ಅಪ್ಪ ಕೇಳಿದ್ದು ಮಾತ್ರ ಬೇರೆ. "ಎಂತಕ್ಕೆ ಮಗಾ ಅಷ್ಟ್ ದುಡ್ಡ್ ಹಾಕಿ ತಕಂಡದ್? ಓಡ್ಸುಕಾ, ಹೊದ್ಸಿ ಇಡುಕಾ?"

ಕೇಳೋ ಹಕ್ಕು ಅಪ್ಪನಿಗೆ ಇದೆಯಾ ಅಂತ ನೀವೇ ಹೇಳಿ. ಅಪ್ಪನ ಹತ್ತಿರ ಒಂದು ಯೆಜ್ಡಿ ಇತ್ತು, ಮೈಸೂರಿನಲ್ಲಿ ಮಾಡ್ತಿದ್ದರಲ್ಲ ಅದೇ. ಕಿಕ್ ಹೊಡೆದ ಮೇಲೆ ಅದೇ ಕಿಕ್ಕರನ್ನು ತಿರುಗಿಸಿದರೆ ಗೇರಾಗ್ತಿತ್ತು. ನಮ್ಮ ಕಡೆ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಮೀನುಗಾರಿಕೆ ಬಂದ್, ಬೋಟೆಲ್ಲ ದಡಕ್ಕೆ. ಅಪ್ಪನ ಯೆಜ್ಡಿಯೂ ಅದೇ ಲೆಕ್ಕದಲ್ಲಿ ಕೊಟ್ಟಿಗೆ ಸೇರ್ತಿತ್ತು. ರಿಮ್ಮಿಗೆ ಹಳೆ ಆಯಿಲ್ ಬಳಿದು, ಮೇಲೆ ಟಾರ್ಪಾಲು ಹೊದಿಸಿ, ಮಳೆಗಾಲ ಪೂರ್ತಿ ಅಪ್ಪ ಬಸ್ಸಲ್ಲಿ. ಗಣೇಶ ಚೌತಿ ಹೊತ್ತಿಗೆ ಟಾರ್ಪಾಲು ತೆಗೀತಿದ್ದರು. 2009ರಲ್ಲಿ ನಾನು ಆರನೇ ಕ್ಲಾಸು. ತೆಗೆದು ಪೆಟ್ರೋಲ್ ಹಾಕಿದರೆ ಅದು ಟ್ಯಾಂಕಿನ ಅಡಿಯಿಂದ ಸೋರ್ತಾ ಇದೆ. ಯಾರಾದ್ರೂ ಪೆಟ್ರೋಲ್ ಕದೀತಾರೆ ಅಂತ ಪ್ರತಿ ವರ್ಷ ಖಾಲಿ ಮಾಡಿ ಇಡ್ತಿದ್ದರು. ಖಾಲಿ ಟ್ಯಾಂಕಿನ ಒಳಗೋಡೆಗೆ ತೇವ ಕೂತು ಒಳಗಿಂದಲೇ ತುಕ್ಕು ತಿಂದಿತ್ತು. ಟ್ಯಾಂಕ್ ತುಂಬಿಸಿಡಬೇಕು ಅಂತ ನಾನು ಕಲಿತಿದ್ದು ಹದಿಮೂರು ವರ್ಷ ಆದ ಮೇಲೆ, ಇಲ್ಲಿ. ಅಪ್ಪ ಅದನ್ನ ರಿಪೇರಿ ಮಾಡಿಸ್ತೀನಿ, ಮುಂದಿನ ವರ್ಷ, ಮುಂದಿನ ವರ್ಷ ಅಂತ ಅಂದು ಕೊನೆಗೆ ಗುಜರಿಗೆ ಕೊಟ್ಟರು. ಆಮೇಲೆ ಯಾವ ಬೈಕನ್ನೂ ತಗೊಳ್ಳಲಿಲ್ಲ.

ಇರಲಿ. 2023ರ ಮಾರ್ಚ್ ಕೊನೆಗೆ ಎರಡನೇ ಸಲವೂ ಲಾಟರಿ ಬರಲಿಲ್ಲ. ಕಾರು ಆಗ ಇನ್ನೂ ಅಕ್ಕನ ಗ್ಯಾರೇಜಿನಲ್ಲಿ ಹೊದ್ದು ಮಲಗಿತ್ತು. ನನ್ನ ಒಪಿಟಿ ಒಂದು ವರ್ಷ, ಅದರ ಮೇಲಿನ ವಿಸ್ತರಣೆ ಎರಡು ವರ್ಷ, ಎಲ್ಲ ಸೇರಿ 2024ರ ಬೇಸಿಗೆಗೆ ಮುಗೀತಿತ್ತು. ಲೆಕ್ಕ ಹಾಕಿದೆ. ಅವತ್ತಿಂದ ಹದಿನೈದು ತಿಂಗಳು. ಅದರಲ್ಲಿ ಚಳಿಗಾಲಕ್ಕೆ ಐದು ತಿಂಗಳು ಒಳಗಿಟ್ಟರೆ ಉಳಿಯೋದು ಹತ್ತು. ಕಾರು ಒಳಗಿಡೋದು ಅಂದರೆ ಮುಂದಿನ ಬೇಸಿಗೆ ನಮ್ಮದೇ ಅಂತ ನಂಬೋದು ತಾನೆ? ನನಗೆ ಆ ನಂಬಿಕೆ ಇರಲಿಲ್ಲ. ನಾನು ವಾಪಸ್ ಹೋದ ಮೇಲೆ ಯಾರೋ ಒಬ್ಬ ಇದರ ಬಾಗಿಲ ಕೆಳಗೆ ಬಗ್ಗಿ ನೋಡಿ, ಆಹಾ ತುಕ್ಕೇ ಇಲ್ಲ ಅಂತ ಖುಷಿ ಪಡಲಿ ಅಂತ ನಾನು ಯಾಕೆ ಬಸ್ಸಲ್ಲಿ ಓಡಾಡಲಿ?

ನಾಲ್ಕು ಸ್ನೋ ಟೈರ್ ತಗೊಂಡೆ. ಇದರಲ್ಲಿ ಚೌಕಾಸಿ ಬೇಡ. ಬೇಸಿಗೆ ಟೈರಿನ ರಬ್ಬರ್ ಏಳು ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತೆ, ಹಿಮ ಇಲ್ಲದಿದ್ದರೂ ಜಾರುತ್ತೆ. ಎರಡೇ ಹಾಕಿಸ್ತೀನಿ ಅನ್ನೋ ಜಾಣತನ ಮಾಡಿದರೆ ಒಂದು ತುದಿ ಹಿಡಿದುಕೊಳ್ಳುತ್ತೆ, ಇನ್ನೊಂದು ತುದಿ ನಿಮ್ಮನ್ನ ಓವರ್‌ಟೇಕ್ ಮಾಡುತ್ತೆ. ಮೊದಲ ಹಿಮಕ್ಕೆ ರಾತ್ರಿ ಹತ್ತೂವರೆಗೆ ಖಾಲಿ ಮಾಲ್ ಪಾರ್ಕಿಂಗಿಗೆ ಹೋಗಿ ಬೇಕಂತಲೇ ಕಾರು ತಿರುಗಿಸಿದೆ. ಹಿಂದಿನ ಚಕ್ರ ಜಾರಿದಾಗ ಬ್ರೇಕ್ ತುಳೀಬಾರದು. ಹೋಗಬೇಕಾದ ಕಡೆ ಕಣ್ಣಿಟ್ಟು ಸ್ಟಿಯರಿಂಗ್ ಅತ್ತ ತಿರುಗಿಸಿ ಆಕ್ಸಿಲರೇಟರ್ ನಿಧಾನಕ್ಕೆ ಬಿಡಬೇಕು. ಓದಿ ಗೊತ್ತಿತ್ತು. ಆದ್ರೆ ಕಾಲಿಗೆ ಗೊತ್ತಾಗೋಕೆ ಒಂದು ಗಂಟೆ ಹಿಡೀತು.

ಆ ಚಳಿಗಾಲದಷ್ಟು ಚೆನ್ನಾಗಿ ನಾನು ಯಾವತ್ತೂ ಗಾಡಿ ಓಡಿಸಿಲ್ಲ. ದೊಡ್ಡ ದೊಡ್ಡ ಫೋರ್ ವೀಲ್ ಡ್ರೈವ್ ಗಾಡಿಗಳು ಜೋರಾಗಿ ಹೋಗಿ ಸಿಗ್ನಲ್ಲಿನಲ್ಲಿ ನಿಲ್ಲೋಕಾಗದೆ ಜಾರ್ತಿದ್ದವು. ನಾಲ್ಕು ಚಕ್ರ ತಿರುಗಿದರೆ ಹೊರಡೋಕೆ ಸುಲಭ, ನಿಲ್ಲೋಕೆ ಬೇಕಾಗಿದ್ದು ಟೈರು. ನನ್ನ ಪುಟಾಣಿ ನಿಲ್ತಿತ್ತು. ಸಿಕ್ಕಿಹಾಕಿಕೊಂಡಿದ್ದು ಒಂದೇ ಸಲ, ಜನವರಿಯಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ದಾರಿಯಲ್ಲಿ ಹಿಮ ಕಾರಿನ ಹೊಟ್ಟೆಗಿಂತ ಎತ್ತರ ಇತ್ತು. ಅದರ ಮೇಲೆ ಹತ್ತಿ ದೋಣಿ ಹಾಗೆ ಕೂತುಬಿಟ್ಟಿತು, ಚಕ್ರಗಳು ಸುಮ್ಮನೆ ಗಾಳಿ ಬೀಸ್ತಾ ಇವೆ. ರೂಮ್‌ಮೇಟು ಸಲಿಕೆ ತಂದು ಅಗೆಯುತ್ತಾ ತೆಲುಗಿನಲ್ಲಿ ಬೈದ. ಅದನ್ನು ಇಲ್ಲಿ ಬರೆಯೋ ಹಾಗಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಛಾವಣಿ ತೆಗೆದು, ಹೀಟರ್ ಜೋರಾಗಿ ಹಾಕಿ, ಟೊಪ್ಪಿ ಹಾಕಿಕೊಂಡು ಎರಡೂ ಬದಿ ಬೆಳ್ಳಗಿದ್ದ ರಸ್ತೆಯಲ್ಲಿ ಹೋದೆ. ಕಾಲು ಬೆಚ್ಚಗೆ, ಮೂಗು ಮರಗಟ್ಟಿತ್ತು. ಆ ನಲವತ್ತು ನಿಮಿಷದಲ್ಲಿ ಲಾಟರಿ ನೆನಪಾಗಲೇ ಇಲ್ಲ.

ಮಾರ್ಚ್ ಕೊನೆಗೆ ವಕೀಲರ ಮೇಲ್ ಬಂತು. ನನ್ನ ಹೆಸರು ಬಂದಿತ್ತು! ಅಮ್ಮ ಆನೆಗುಡ್ಡೆ ಗಣಪತಿಗೆ ಹರಕೆ ಹೇಳಿಕೊಂಡಿದ್ದರಂತೆ. ಅಂತೂ 2024ರ ಅಕ್ಟೋಬರ್‌ನಿಂದ ನನಗೆ ಬೇಸಿಗೆಗಳು ಸಿಕ್ಕವು, ಒಂದಲ್ಲ, ಮೂರು. ಅದರ ನಂತರದ ಚಳಿಗಾಲ ಕಾರನ್ನು ಮತ್ತೆ ಅಕ್ಕನ ಗ್ಯಾರೇಜಿಗೆ ಬಿಟ್ಟು, ನನ್ನ ಓಡಾಟಕ್ಕೆ ಒಂದು ಹಳೇ ಕೊರೊಲಾ ತಗೊಂಡೆ. 2025ರ ಏಪ್ರಿಲ್‌ನಲ್ಲಿ ಹೊದಿಕೆ ತೆಗೆದಾಗ ಬಾಗಿಲ ಕೆಳಗೆ ಬಣ್ಣ ಗುಳ್ಳೆ ಎದ್ದಿತ್ತು. ಬೇಸಿಗೆಯೆಲ್ಲ ನೋಡಿಯೂ ನೋಡದ ಹಾಗೆ ಓಡಿಸಿದೆ.

ಓಡಿಸಿದ ಚಳಿಗಾಲ ಪ್ರತಿ ವಾರ ಅಡಿಭಾಗಕ್ಕೆ ನೀರು ಹೊಡೆಸಿದ್ದೆ. ಆದ್ರೆ ಮಿಯಾಟಾದ ಛಾವಣಿಯ ನೀರು ಸೀಟಿನ ಹಿಂದಿನ ಸಣ್ಣ ಕೊಳವೆಗಳಲ್ಲಿ ಇಳಿದು ಕೆಳಗೆ ಹೋಗಬೇಕು. ಅದರಲ್ಲಿ ಎಲೆ-ಕಸ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೇ ನಿಲ್ಲುತ್ತೆ. ನನ್ನದು ಕಟ್ಟಿಕೊಂಡಿತ್ತು. ಹೊರಗಿಂದ ಉಪ್ಪು, ಒಳಗಿಂದ ನೀರು. ಆಮೇಲೆ ಅಕ್ಕನ ಗ್ಯಾರೇಜು ಬೆಚ್ಚಗೆ ಬೇರೆ! ಉಪ್ಪು ಮೆತ್ತಿದ ಕಬ್ಬಿಣ ಹೊರಗೆ ಚಳಿಯಲ್ಲಿ ಇದ್ದರೆ ತುಕ್ಕು ನಿಧಾನ, ಬೆಚ್ಚಗಿಟ್ಟರೆ ಬೇಗ. ಅಂದರೆ ಓಡಿಸಿದ್ದೂ ತಿಂದಿದೆ, ಒಳಗಿಟ್ಟಿದ್ದೂ ತಿಂದಿದೆ.

ಎರಡೂ ಕಡೆ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕೋಕೆ ಎರಡು ಸಾವಿರದ ನಾನೂರು ಡಾಲರ್ ಅಂದ. ಕಾರಿನ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಮಾಡು ಅಂದೆ. ಡಿಸೆಂಬರ್ ಎರಡನೇ ವಾರ ಸಿಗುತ್ತೆ, ಅಷ್ಟೊತ್ತಿಗೆ ರಸ್ತೆ ಬೆಳ್ಳಗಾಗಿರುತ್ತೆ. ಅಕ್ಕನ ಗ್ಯಾರೇಜಿನ ಆ ಮೂಲೆಯಲ್ಲಿ ಈಗ ಟ್ರೆಡ್‌ಮಿಲ್ ಇದೆ. ಸರಿಸ್ತೀನಿ ಬಾರೋ ಅಂದಿದಾರೆ. ಆದ್ರೆ ಈ ಸಲ ಇನ್ಶೂರೆನ್ಸ್ ಇಳಿಸೋದಿಲ್ಲ ಅಂತ ಮಾಡಿದೀನಿ. ನಡುಚಳಿಗಾಲದಲ್ಲೂ ಇಲ್ಲಿ ಒಮ್ಮೊಮ್ಮೆ ಒಳ್ಳೇ ಮಳೆ ಬಂದು ಉಪ್ಪೆಲ್ಲ ತೊಳೆದುಹೋಗಿ, ಮಾರನೇ ದಿನ ಬಿಸಿಲಿಗೆ ರಸ್ತೆ ಒಣಗುತ್ತೆ. ಅಂಥ ದಿನ ಒಂದೆರಡು ಸಿಕ್ಕರೂ ಸಾಕು.

ನಿನ್ನೆ ಅಪ್ಪನಿಗೆ ಇದೆಲ್ಲ ಹೇಳಿದೆ, ವೆಲ್ಡಿಂಗ್ ರೇಟು ಅರ್ಧ ಇಳಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯಾಂಕಿಗೂ ಹಾಂಗೇ ಬೆಸ್ಗಿ ಹಾಕುಕ್ ಆತ್ತಾ ಮಗಾ?" ಅಂತ ಕೇಳಿದರು.